ಇನ್ನೊಂದು ಬೀಗದ ಕೈ

ಕೊಪ್ಪದ ಕಡೆಯ ನೆಂಟರ ಹುಡುಗನೊಬ್ಬ ಹೋದ ತಿಂಗಳು ಶಿವಮೊಗ್ಗಕ್ಕೆ ಬಂದವನು ನಮ್ಮ ಮನೆಗೂ ಬಂದಿದ್ದ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ, ವೀಸಾ ಕೈಗೆ ಬಂದಿದೆ, ಪೆಟ್ಟಿಗೆ ತುಂಬುವುದೊಂದು ಬಾಕಿ. ನಾನು ಅದೇ ಊರಿನಲ್ಲಿ 2016ರಿಂದ 2022ರವರೆಗೆ ಇದ್ದು ಬಂದವನಾದ್ದರಿಂದ 'ಮಾವನ ಹತ್ರ ಒಂದ್ಸಲ ಕೇಳ್ಕೊಂಡು ಬಾ' ಅಂತ ಅವನಮ್ಮ ಅಟ್ಟಿದ್ದಳು. ಕಾಫಿ ಬೇಡ ಅಂತ ಎರಡು ಸಲ ಹೇಳಿ, ಮೂರನೇ ಸಲಕ್ಕೆ ಲೋಟ ಹಿಡಿದುಕೊಂಡು, ಮೊಬೈಲಿನಲ್ಲಿದ್ದ ಪಟ್ಟಿ ತೆಗೆದ. ಕುಕ್ಕರ್, ಮಿಕ್ಸಿ, ಉಣ್ಣೆ ಬನಿಯನ್, ಜ್ವರದ ಮಾತ್ರೆ, ಕುಚ್ಚಲಕ್ಕಿ. ಮೊದಲ ಪ್ರಶ್ನೆ: "ಮಾವ, ಅಪ್ಪೆಮಿಡಿ ಎಷ್ಟು ಕೇಜಿ ತಗೊಂಡು ಹೋಗ್ಬೋದು?"

ಒಂದೂವರೆ ಗಂಟೆ ಮಾತಾಡಿದೆ. ಗೊತ್ತಿದ್ದದ್ದನ್ನೆಲ್ಲ ಹೇಳಿದೆ ಅಂದುಕೊಂಡಿದ್ದೆ. ಅವನು ಗೇಟು ದಾಟಿದ ಮೇಲೆ ಹೆಂಡತಿ ಲೋಟ ಎತ್ತುತ್ತಾ, "ಎಲ್ಲ ಹೇಳಿದ್ರಿ, ಬಾಗಿಲ ವಿಷಯ ಒಂದು ಬಿಟ್ಟು" ಅಂದಳು. ಅವಳು ಸ್ಟುಟ್‌ಗಾರ್ಟಿಗೆ ಬಂದದ್ದು ಎಂಟು ತಿಂಗಳು ತಡವಾಗಿ. ಬಾಗಿಲ ಪ್ರಸಂಗ ನಡೆದಾಗ ಅವಳಿರಲಿಲ್ಲ, ಆದರೆ ಕೆಳಗಿನ ಮನೆ ಅಜ್ಜಿ ಅಭಿನಯ ಸಮೇತ ಅವಳಿಗೆ ಅದನ್ನು ಒಪ್ಪಿಸಿದ್ದರು. ಯಾಕೆ ಹೇಳಲಿಲ್ಲ? ಮರ್ಯಾದೆ ಹೋಗುತ್ತದೆ ಅಂತ, ಇನ್ನೇನು. ಅವತ್ತಿನಿಂದ ಅದು ಹಲ್ಲಿಗೆ ಸಿಕ್ಕಿದ ಅಡಿಕೆ ಚೂರಿನ ಹಾಗೆ ಕೂತಿದೆ.

ಪೆಟ್ಟಿಗೆ

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಹೊರಡುವವರು ತೊಂಬತ್ತು ಪಾಲು ತಲೆ ಕೆಡಿಸಿಕೊಳ್ಳುವುದು ಇದಕ್ಕೇ, ಹೋದ ಮೇಲೆ ಬೇಕಾಗುವುದು ಹತ್ತು ಪಾಲು. ಅಪ್ಪೆಮಿಡಿ ಉಪ್ಪಿನಕಾಯಿಗೆ ತೊಂದರೆಯಿಲ್ಲ, ಡಬ್ಬಿ ಸೋರದಂತೆ ಕಟ್ಟಿದರೆ ಸಾಕು. ತುಪ್ಪ ಬೇಡ. ಹಾಲು, ಹಾಲಿನಿಂದ ಮಾಡಿದ್ದು, ಮಾಂಸ, ಇವನ್ನು ಹೊರಗಿನಿಂದ ಬರುವ ಪ್ರಯಾಣಿಕರು ಯುರೋಪಿಯನ್ ಒಕ್ಕೂಟದೊಳಗೆ ತರುವ ಹಾಗಿಲ್ಲ. ಪೇಡೆಯೂ ಅದರಲ್ಲೇ ಬಂತು. ಹಸಿ ಕರಿಬೇವಿನ ಸೊಪ್ಪು, ಮಾವಿನಹಣ್ಣು, ತರಕಾರಿ, ಇವಕ್ಕೆಲ್ಲ ಗಿಡದ ರೋಗ ಇಲ್ಲವೆಂಬ ಸರ್ಟಿಫಿಕೇಟು ಬೇಕು. ಸರ್ಟಿಫಿಕೇಟಿಲ್ಲದೆ ಬಿಡುವುದು ಐದೇ ಐದನ್ನು: ಬಾಳೆ, ಅನಾನಸು, ಖರ್ಜೂರ, ಡೂರಿಯನ್, ತೆಂಗಿನಕಾಯಿ. ಆ ಪಟ್ಟಿಯಲ್ಲಿ ತೆಂಗಿನಕಾಯಿ ನೋಡಿದಾಗ ನನಗೆ ಒಕ್ಕೂಟದ ಕಚೇರಿಯಿರುವ ಬ್ರಸೆಲ್ಸ್‌ನಲ್ಲಿ ಯಾರೋ ನಮ್ಮ ಕಡೆಯವರು ಕೂತಿರಬೇಕು ಅನ್ನಿಸಿತ್ತು. ಮಿಕ್ಸಿ ಓಡುತ್ತದೆ, ಅಲ್ಲಿಯೂ ಇಲ್ಲಿಯ ಹಾಗೆ 230 ವೋಲ್ಟೇ. ಪಿನ್ ಮಾತ್ರ ಬೇರೆ. ಆದರೆ ಭಾನುವಾರ ಬೆಳಿಗ್ಗೆ ದೋಸೆಗೆ ರುಬ್ಬಲು ಹೋಗಬೇಡ. ಭಾನುವಾರ ಅಲ್ಲಿ ಗದ್ದಲ ಮಾಡುವ ಹಾಗಿಲ್ಲ, ಅಂಗಡಿಯೂ ತೆರೆಯುವುದಿಲ್ಲ. ಇದು ಬೆಂಗಳೂರಿನವರಿಗೆ ಕಷ್ಟ. ವಾರಕ್ಕೊಂದು ಸಂತೆ ನಂಬಿಕೊಂಡು, ಮಳೆಗಾಲಕ್ಕೆ ಮುಂಚೆ ಸೌದೆ, ಹಪ್ಪಳ, ಉಪ್ಪು ಎಲ್ಲ ಅಟ್ಟಕ್ಕೇರಿಸಿ ಬೆಳೆದವರಿಗೆ ಇದೊಂದು ವಿಷಯವೇ ಅಲ್ಲ.

ಅಪ್ಪನ ಹೆಸರು ಹೊತ್ತ ಡಬ್ಬಿ

ಊರಿನಲ್ಲಿ ನಮ್ಮದು ತೋಟದ ನಡುವಿನ ಒಂಟಿ ಮನೆ. ಪಕ್ಕದ ಮನೆ ಅಂದರೆ ಗುಡ್ಡ ಇಳಿದು ಹಳ್ಳ ದಾಟಿ ಅರ್ಧ ಮೈಲಿ. ಕಾಗದದ ಮೇಲೆ ನನ್ನ ಹೆಸರಿಲ್ಲದೆ ಬರೀ ಮನೆತನದ ಹೆಸರು, ಊರು, ಪೋಸ್ಟು ಇದ್ದರೂ ಪೋಸ್ಟಿನವರು ತಂದು ಜಗಲಿಯ ಮೇಲಿಟ್ಟು, ಮಜ್ಜಿಗೆ ಕುಡಿದು, ಒಳಗೇನಿದೆ ಅಂತ ಕೇಳಿಕೊಂಡೇ ಹೋಗುತ್ತಿದ್ದರು. ಸ್ಟುಟ್‌ಗಾರ್ಟ್‌ನಲ್ಲಿ ನಾನಿದ್ದ ಕಟ್ಟಡದಲ್ಲಿ ಎಂಟು ಮನೆ, ಎಂಟಕ್ಕೂ ಒಂದೇ ವಿಳಾಸ. ಫ್ಲ್ಯಾಟಿಗೆ ನಂಬರ್ ಅಂತ ಬರೆಯುವ ಪದ್ಧತಿಯೇ ಅಲ್ಲಿಲ್ಲ. ಲಕೋಟೆ ಹುಡುಕುವುದು ಬಾಗಿಲ ಬಳಿಯ ಟಪಾಲು ಡಬ್ಬಿಗಳ ಮೇಲಿನ ಹೆಸರನ್ನು, ಅದೂ ಮನೆತನದ ಹೆಸರನ್ನು. ಹೆಸರು ಸಿಕ್ಕದಿದ್ದರೆ ಕಾಗದ ವಾಪಸ್.

ನಮ್ಮ ಹೆಸರುಗಳ ಕಥೆ ಓದುಗರಿಗೆ ಗೊತ್ತೇ ಇದೆ. ಒಂದು ಊರಿನ ಇನಿಷಿಯಲ್, ಒಂದು ಅಪ್ಪನ ಇನಿಷಿಯಲ್, ಆಮೇಲೆ ನಾವು. ಪಾಸ್‌ಪೋರ್ಟ್ ಮಾಡಿಸುವಾಗ 'ಸರ್‌ನೇಮ್' ಅನ್ನುವ ಖಾನೆಗೆ ಏನಾದರೂ ತುಂಬಬೇಕಲ್ಲ ಅಂತ ಅಪ್ಪನ ಹೆಸರು ತುಂಬಿದ್ದೆ. ಅಲ್ಲಿಗೆ ಹೋದ ಮೇಲೆ ಡಬ್ಬಿಯ ಮೇಲೆ, ಬೆಲ್ಲಿನ ಮೇಲೆ ನನ್ನ ಹೆಸರು ಚೆಂದವಾಗಿ ಬರೆದು ಅಂಟಿಸಿದೆ. ಆಮೇಲೆ ಕಾದೆ. ಬ್ಯಾಂಕಿನ ಕಾರ್ಡು ಒಂದು ಲಕೋಟೆಯಲ್ಲಿ, ಅದರ ಪಿನ್ ಬೇರೆ ಲಕೋಟೆಯಲ್ಲಿ ಬರಬೇಕು. ತೆರಿಗೆಯ ಗುರುತಿನ ಸಂಖ್ಯೆಯೂ ಟಪಾಲಿನಲ್ಲೇ. ಆ ಸಂಖ್ಯೆ ಕೊಡದಿದ್ದರೆ ಸಂಬಳದಲ್ಲಿ ಎಲ್ಲಕ್ಕಿಂತ ಹೆಚ್ಚಿನ ದರದ ತೆರಿಗೆ ಮುರಿಯಬಹುದು. ಮೂರು ವಾರ ಡಬ್ಬಿಗೆ ಪಿಜ್ಜಾ ಅಂಗಡಿಯ ಕರಪತ್ರ ಬಿಟ್ಟು ಬೇರೇನೂ ಬೀಳಲಿಲ್ಲ. ಕೊನೆಗೆ ಆಫೀಸಿನಲ್ಲಿ ವಿಚಾರಿಸಿದಾಗ ಗೊತ್ತಾಯಿತು: ಕಾಗದಗಳು ನನಗಲ್ಲ, ಅಪ್ಪನಿಗೆ ಬರುತ್ತಿದ್ದವು. ಡಬ್ಬಿಯ ಮೇಲೆ ಅಪ್ಪನಿರಲಿಲ್ಲ.

ಸಂಜೆ ಹೋಗಿ ಅಪ್ಪನ ಹೆಸರು ಅಂಟಿಸಿದೆ. ಆ ವಾರದಿಂದ ಎಲ್ಲ ಸರಾಗ. ಆರು ವರ್ಷ ಬ್ಯಾಂಕಿನಲ್ಲಿ, ಡಾಕ್ಟರ ಹತ್ತಿರ, ನಗರಸಭೆಯಲ್ಲಿ, ಎಲ್ಲೆಲ್ಲೂ 'ಹೆರ್' (ನಮ್ಮ 'ಶ್ರೀಯುತ') ಅಂತ ಸೇರಿಸಿ ಅಪ್ಪನನ್ನೇ ಕೂಗಿದರು. ಆಗುಂಬೆ ಘಾಟಿ ಇಳಿದರೆ ಸೆಕೆ ಅಂತ ಉಡುಪಿಗೂ ಹೋಗಲು ಒಪ್ಪದ ಮನುಷ್ಯ ದಿನಾ ಸ್ಟುಟ್‌ಗಾರ್ಟಿನ ಕಚೇರಿಗಳಲ್ಲಿ ಎದ್ದು ನಿಲ್ಲುತ್ತಿದ್ದರು. ಫೋನಿನಲ್ಲಿ ಹೇಳಿದರೆ, "ನಾನು ಎಂತ ಸಾಲಗೀಲ ಮಾಡಿಲ್ಲ ಅಲ್ಲಿ, ನೋಡ್ಕ್ಯ" ಅಂದರು.

ಹಾಗಾಗಿ ಹುಡುಗನಿಗೆ ಹೇಳಿದ್ದು ಇಷ್ಟು. ಮನೆ ಹೊಕ್ಕ ಎರಡು ವಾರದೊಳಗೆ ನಗರಸಭೆಯಲ್ಲಿ ವಿಳಾಸ ದಾಖಲಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅಂತಾರೆ. ಮನೆಯ ಮಾಲೀಕರು ಸಹಿ ಹಾಕಿದ ಕಾಗದ ಬೇಕು. ಆ ಸಹಿ ಕೊಡಲ್ಲ ಅನ್ನುವವರ ಮನೆ ಎಷ್ಟು ಅಗ್ಗವಾದರೂ ಬೇಡ. ಬಾಡಿಗೆಯಲ್ಲಿ ಎರಡು ಬಗೆ, ತಣ್ಣನೆಯದು, ಬೆಚ್ಚನೆಯದು. ತಣ್ಣನೆಯದು ಬರೀ ಗೋಡೆಗೆ; ಬೆಚ್ಚನೆಯದರಲ್ಲಿ ನೀರು, ಕಸ, ಸಾಮಾನ್ಯವಾಗಿ ಹೀಟರ್ ಖರ್ಚೂ ಸೇರಿರುತ್ತದೆ, ವರ್ಷದ ಕೊನೆಗೆ ಲೆಕ್ಕ ಹಾಕಿ ಬಾಕಿ ಕೇಳುತ್ತಾರೆ. ಅಡ್ವಾನ್ಸು ತಣ್ಣನೆಯ ಬಾಡಿಗೆಯ ಮೂರು ತಿಂಗಳಿಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ಕಾನೂನಿನಲ್ಲೇ ಇದೆ. ಖಾಲಿ ಮನೆ ಅಂದರೆ ನಿಜಕ್ಕೂ ಖಾಲಿ: ಎಷ್ಟೋ ಕಡೆ ಅಡುಗೆಮನೆಯ ಕಟ್ಟೆ, ಸಿಂಕು, ಒಲೆ ಏನೂ ಇರುವುದಿಲ್ಲ, ಬಲ್ಬಿನ ಜಾಗದಲ್ಲಿ ಎರಡು ವಯರು ಜೋತಾಡುತ್ತಿರುತ್ತವೆ. ಟೀವಿ ಇರಲಿ ಬಿಡಲಿ, ಮನೆಗೆ ತಿಂಗಳಿಗೆ ಹದಿನೆಂಟು ಯೂರೋ ಚಿಲ್ಲರೆ ಪ್ರಸಾರದ ಶುಲ್ಕ. ಹುಡುಗ ಎಲ್ಲ ಬರೆದುಕೊಂಡ. ಇವೆಲ್ಲ ಬರೆದುಕೊಳ್ಳಬಹುದಾದ ವಿಷಯಗಳು.

ಬಾಗಿಲಿಗೆ ಬಂದ ಬೋರ್ಡು

ಸ್ಟುಟ್‌ಗಾರ್ಟ್ ಗುಡ್ಡಗಳ ನಡುವಿನ ಬೋಗುಣಿಯಂಥ ಊರು. ಇಳಿಜಾರಿನಲ್ಲಿ ದ್ರಾಕ್ಷಿ ತೋಟ, ಗುಡ್ಡದಿಂದ ಗುಡ್ಡಕ್ಕೆ ನೂರಾರು ಕಲ್ಲಿನ ಮೆಟ್ಟಿಲ ದಾರಿಗಳು. ತೀರ್ಥಹಳ್ಳಿ ಕಡೆಯವನಿಗೆ ಕಾಲು ನೋಯುವ ಊರಲ್ಲ ಅದು. ಅಲ್ಲಿಯವರ ಮಾತು ಮಾತ್ರ ಬೆಂಗಳೂರಿನ ಕ್ಲಾಸಿನಲ್ಲಿ ದುಡ್ಡು ಕೊಟ್ಟು ಕಲಿತ ಜರ್ಮನ್ನಿನ ಹಾಗಿಲ್ಲ. ಅದು ಶ್ವೇಬಿಷ್. ಎಲ್ಲ ಪದಕ್ಕೂ ಕೊನೆಗೊಂದು 'ಲೆ' ಅಂಟಿಸಿ, ಅರ್ಧ ನುಂಗಿ ಮಾತಾಡುತ್ತಾರೆ. ಪುಸ್ತಕದ ಕನ್ನಡ ಕಲಿತು ಬಂದವನ ಮುಂದೆ ನಾವು 'ಎಂತದಾ ಮಾರಾಯ' ಅಂದರೆ ಹೇಗೋ ಹಾಗೆ.

ಆ ಸೀಮೆಯ ಇನ್ನೊಂದು ವಿಶೇಷ ಕೇರ್‌ವೊಖೆ, ಗುಡಿಸುವ ವಾರ. ಮೆಟ್ಟಿಲು, ಹಜಾರ, ಕೆಲವು ಕಡೆ ಮನೆ ಮುಂದಿನ ಕಾಲುದಾರಿಯನ್ನೂ ಬಾಡಿಗೆದಾರರೇ ಸರದಿಯಂತೆ ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಪುಟ್ಟ ಬೋರ್ಡು ತೂಗುಹಾಕುತ್ತಾರೆ. ವಾರ ಮುಗಿದ ಮೇಲೆ ಅವರು ಅದನ್ನು ಮುಂದಿನ ಬಾಗಿಲಿಗೆ ದಾಟಿಸಬೇಕು. ಇದು ನನಗೆ ಯಾರೂ ಹೇಳಿರಲಿಲ್ಲ. ನವೆಂಬರಿನಲ್ಲಿ ಒಂದು ಸಂಜೆ ಬಂದರೆ ನನ್ನ ಬಾಗಿಲಿಗೆ ಮರದ ಬೋರ್ಡು. ನಮ್ಮಲ್ಲಿ ಹೊಸ ಮನೆಗೆ ಬೂದುಗುಂಬಳ ಕಟ್ಟುವ ಹಾಗೆ ಇವರದೂ ಏನೋ ಸಂಪ್ರದಾಯ, ಸ್ವಾಗತದ ಬೋರ್ಡು ಅಂದುಕೊಂಡೆ. ಪ್ರಮಾಣವಾಗಿ ಹೇಳುತ್ತೇನೆ, ಖುಷಿಯಾಗಿ ಫೋಟೋ ತೆಗೆದು ಊರಿಗೆ ಕಳಿಸಿದ್ದೆ. ಮೂರು ವಾರ ಬೋರ್ಡು ಅಲ್ಲೇ ಇತ್ತು. ಮೂರು ವಾರ ಮೆಟ್ಟಿಲ ಮೇಲೆ ಎಲೆ, ಮಣ್ಣು, ಒದ್ದೆ ಬೂಟಿನ ಗುರುತು. ಎದುರು ಸಿಕ್ಕಿದವರೆಲ್ಲ 'ಗ್ರೂಸ್ ಗೊಟ್' ಅಂದು ಹೋಗುತ್ತಿದ್ದರು, ಒಬ್ಬರೂ ಒಂದು ಮಾತು ಆಡಲಿಲ್ಲ. ಆಮೇಲೆ ಅಪ್ಪನ ಹೆಸರಿಗೆ ಮಾಲೀಕರಿಂದ ಕಾಗದ ಬಂತು: ಕೆಳಗಿನ ಮನೆಯವರು ದೂರು ಕೊಟ್ಟಿದ್ದಾರೆ, ಕರಾರಿನಲ್ಲಿ ಬರೆದಿದೆ, ದಯವಿಟ್ಟು ಗಮನಿಸಿ.

ಕೆಳಗಿನ ಮನೆ ಅಂದರೆ ಅಜ್ಜಿ. ಎಂಬತ್ತರ ಹತ್ತಿರದ, ನೆಟ್ಟಗೆ ನಡೆಯುವ, ನಗದ ಅಜ್ಜಿ. ಅವತ್ತು ರಾತ್ರಿಯೇ ಮೆಟ್ಟಿಲು ಒರೆಸಿದೆ. ಆದರೆ ಅವರ ಬಾಗಿಲ ಮುಂದೆ ಹಾದುಹೋಗುವಾಗೆಲ್ಲ ಬೆಕ್ಕಿನ ಹೆಜ್ಜೆ ಇಡತೊಡಗಿದೆ.

ಭಾನುವಾರ, ಪಂಚೆ, ಕಸದ ಚೀಲ

ಡಿಸೆಂಬರಿನ ಭಾನುವಾರ. ಅಲ್ಲಿ ಆ ತಿಂಗಳು ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಐದು ಗಂಟೆಯ ಕತ್ತಲಲ್ಲಿ ತರಕಾರಿ ಸಿಪ್ಪೆಯ ಚೀಲ ಹಿಡಿದು ಕೆಳಗೆ ಹೋಗಿ ಹಾಕಿ ಬರೋಣ ಅಂತ ಹೊರಟೆ. ಉಟ್ಟಿದ್ದು ಪಂಚೆ, ಮೇಲೊಂದು ಸ್ವೆಟರ್, ಕಾಲಲ್ಲಿ ಹವಾಯಿ ಚಪ್ಪಲಿ. ಎರಡು ಮೆಟ್ಟಿಲು ಇಳಿದಿರಲಿಲ್ಲ, ಹಿಂದೆ ಠಪ್ ಅಂತು.

ಆ ಬಾಗಿಲುಗಳಿಗೆ ಹೊರಗಡೆ ಹಿಡಿ ಇರುತ್ತದೆ, ತಿರುಗುವುದಿಲ್ಲ. ಎಳೆದು ಹಾಕಿದರೆ ಸಾಕು, ನಾಲಗೆ ಕೂತುಬಿಡುತ್ತದೆ, ಬೀಗದ ಕೈ ಇಲ್ಲದೆ ತೆರೆಯಲಾಗದು. ಬೀಗದ ಕೈ, ಮೊಬೈಲು, ಪರ್ಸು ಎಲ್ಲ ಒಳಗೆ. ಪುಣ್ಯಕ್ಕೆ ಒಲೆ ಹಚ್ಚಿರಲಿಲ್ಲ. ಊರಿನ ಮನೆಯ ಹೆಬ್ಬಾಗಿಲಿಗೆ ಬೀಗ ಹಾಕಿದ್ದನ್ನು ನಾನು ನೋಡಿಯೇ ಇಲ್ಲ. ಮದುವೆಗೆ ಮನೆಮಂದಿಯೆಲ್ಲ ಹೊರಟರೂ ಬಾಗಿಲು ಮುಂದೆ ಮಾಡಿ, ದನ ನುಗ್ಗದಂತೆ ಅಂಗಳದ ಉಣುಗೋಲು ಎಳೆದು ಹೋಗುವುದು. ಬಾಗಿಲು ತಾನಾಗಿ ನನ್ನನ್ನು ಹೊರಗೆ ಹಾಕಬಹುದು ಅನ್ನುವುದು ಕಲ್ಪನೆಗೂ ಬಂದಿರಲಿಲ್ಲ.

ಕೆಳಗೆ ಹೋಗಿ ಕಸ ಹಾಕಿ ಬಂದೆ. (ಯಾಕೆ ಅಂತ ಕೇಳಬೇಡಿ. ಕೈಯಲ್ಲಿದ್ದ ಕೆಲಸ ಮುಗಿಸಿದರೆ ಬಾಗಿಲು ಮನಸ್ಸು ಬದಲಾಯಿಸೀತು ಅಂತಿರಬೇಕು.) ಆಮೇಲೆ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತೆ. ಮೆಟ್ಟಿಲ ದೀಪಕ್ಕೆ ಟೈಮರ್. ಸ್ವಲ್ಪ ಹೊತ್ತಿಗೆ ಆರುತ್ತದೆ. ಕತ್ತಲಲ್ಲಿ ಗೋಡೆಯ ಮೇಲೆ ಕಿತ್ತಳೆ ಬಣ್ಣದ ಒಂದು ಚುಕ್ಕೆ, ಅದನ್ನು ಒತ್ತಿದರೆ ಮತ್ತೆ ಬೆಳಕು. ಮೊದಮೊದಲು ಎದ್ದೆದ್ದು ಒತ್ತಿದೆ, ಆಮೇಲೆ ಬಿಟ್ಟೆ. ಕೆಳಗೆ ಹನ್ನೆರಡು ಮೆಟ್ಟಿಲಾಚೆ ಅಜ್ಜಿಯ ಬಾಗಿಲು, ಅದರಡಿಯ ಸಂದಿನಲ್ಲಿ ಬೆಳಕು. ಬೆಲ್ ಒತ್ತಬಹುದಿತ್ತು. ಇಳಿದು ಹೋಗಿ ಬೆಲ್ಲಿನವರೆಗೆ ಬೆರಳು ತಂದು ವಾಪಸ್ ಬಂದು ಕೂತೆ. ಮೊನ್ನೆಯಷ್ಟೇ ನನ್ನ ಮೇಲೆ ದೂರು ಕೊಟ್ಟವರು. ಭಾನುವಾರ ಬೇರೆ. ಪಂಚೆ ಬೇರೆ. ಹೋಗಿ ಏನಂತ ಹೇಳುವುದು, 'ಬಾಗಿಲು ಹಾಕಿಕೊಂಡಿತು' ಅನ್ನಲು ಜರ್ಮನ್ನಿನಲ್ಲಿ ಯಾವ ಕ್ರಿಯಾಪದ ಅಂತ ಯೋಚಿಸುತ್ತಾ ಒಂದು ಗಂಟೆಯ ಮೇಲಾಯಿತು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರುವುದಕ್ಕೆ ಜಾಗವಿಲ್ಲ ಅಂತಾರಲ್ಲ, ನನಗೆ ಕೂರುವುದಕ್ಕೆ ಮೆಟ್ಟಿಲಾದರೂ ಇತ್ತು. ಚಳಿಗೆ ಪಂಚೆಯನ್ನೇ ಕಂಬಳಿಕೊಪ್ಪೆಯ ಹಾಗೆ ಎಳೆದುಕೊಂಡು ಕೂತಿದ್ದೆ.

ನಾನು ಬೆಲ್ ಒತ್ತಿದೆ ಅಂತ ಬರೆಯುವ ಆಸೆಯಿದೆ. ಒತ್ತಲಿಲ್ಲ. ಅಜ್ಜಿಯೇ ಏನಕ್ಕೋ ಬಾಗಿಲು ತೆಗೆದು ದೀಪದ ಗುಂಡಿ ಒತ್ತಿದರು, ತಲೆಯೆತ್ತಿದರೆ ಮೆಟ್ಟಿಲ ಮೇಲೆ ಬಿಳಿ ಬಟ್ಟೆ ಸುತ್ತಿಕೊಂಡ ಆಕೃತಿ. ಕಿರುಚಿದರು. ಆಮೇಲೆ ಗುರುತು ಹತ್ತಿ ಬೈದರು. ಶ್ವೇಬಿಷ್ ಅರ್ಥವಾಗಲಿಲ್ಲ, ಆದರೆ ಬೈಗುಳದ ಧಾಟಿ ನಮ್ಮಜ್ಜಿಯದೇ, ಎಷ್ಟು ಹೊತ್ತಿನಿಂದ ಅಂತ ಕೈಗಡಿಯಾರ ತೋರಿಸಿ ಕೇಳಿದ್ದು ತಿಳಿಯಿತು. ಒಂದು ಗಂಟೆ ಅಂದೆ. ತನ್ನ ಬೆಲ್ ತೋರಿಸಿ ಬೆರಳಿನಿಂದ ಮೂರು ಸಲ ಗಾಳಿಯಲ್ಲಿ ಒತ್ತಿ ತೋರಿಸಿದರು.

ಒಳಗೆ ಹೋಗಿ ಕತ್ತರಿ ಮತ್ತು ಒಂದು ಖಾಲಿ ಬಾಟಲಿ ತಂದರು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ವಾಪಸ್ ಒಳಗೆ ಹೋದರು. ಅದು ನೀರಿನ ಬಾಟಲಿ. ಅಂಗಡಿಗೆ ಹಿಂತಿರುಗಿಸಿದರೆ 25 ಸೆಂಟ್ ಸಿಗುತ್ತದೆ, ಕತ್ತರಿಸಿದರೆ ಸಿಗುವುದಿಲ್ಲ. ಎರಡನೇ ಸಲ ಬಂದಾಗ ಕೈಯಲ್ಲಿ ಶಾಂಪೂ ಬಾಟಲಿ. ಅಂಗೈಯಷ್ಟಗಲ ಪ್ಲಾಸ್ಟಿಕ್ ಕತ್ತರಿಸಿ, ಬಾಗಿಲ ಸಂದಿನಲ್ಲಿ ನಾಲಗೆಯ ಮೇಲುಗಡೆ ತೂರಿಸಿ, ನನಗೆ ಭುಜದಿಂದ ಬಾಗಿಲು ನೂಕಲು ಸನ್ನೆ ಮಾಡಿ, ಕೆಳಗೆ ಎಳೆದರು. ಎರಡು ಸಲ ಜಾರಿತು. ಮೂರನೆಯದಕ್ಕೆ ಕ್ಲಿಕ್. ಬೀಗ ತಿರುಗಿಸದೆ ಬರೀ ಎಳೆದುಕೊಂಡ ಬಾಗಿಲಿಗೆ ಮಾತ್ರ ಈ ವಿದ್ಯೆ ನಡೆಯುತ್ತದೆ. ಭಾನುವಾರ ಬೀಗ ತೆಗೆಯುವವನನ್ನು ಕರೆಸಿದ್ದರೆ ಕೆಲವು ನೂರು ಯೂರೋ ಹೋಗುತ್ತಿತ್ತು.

ಥ್ಯಾಂಕ್ಸ್ ಹೇಳುವಷ್ಟರಲ್ಲಿ ಅಜ್ಜಿ ಒಳಗೇ ಬಂದುಬಿಟ್ಟರು. ಮೂಗರಳಿಸಿದರು. ನೆಟ್ಟಗೆ ಮಲಗುವ ಕೋಣೆಗೆ ನಡೆದು ಬೀರುವಿನ ಹಿಂದೆ ಕೈಹಾಕಿದರು. ಕೈ ಕಪ್ಪಾಗಿ ಬಂತು. ಬೂಷ್ಟು. ಆಮೇಲೆ ಆ ಕೊರೆಯುವ ಚಳಿಯಲ್ಲಿ ಮನೆಯ ಎಲ್ಲ ಕಿಟಕಿಗಳನ್ನು ಅಗಲವಾಗಿ ತೆರೆದು, ಗಡಿಯಾರ ತೋರಿಸಿ, ಹತ್ತು ಬೆರಳೆತ್ತಿದರು. ಹತ್ತು ನಿಮಿಷ. ದಿನಕ್ಕೆ ಮೂರು ಸಲ.

ಬೂಷ್ಟಿನ ವಿಷಯದಲ್ಲಿ ನನಗೆ ಯಾರಾದರೂ ಪಾಠ ಹೇಳಬಹುದು ಅಂತ ನಾನು ಎಣಿಸಿರಲಿಲ್ಲ. ಆಗುಂಬೆಯ ಮಗ್ಗುಲಲ್ಲಿ ಹುಟ್ಟಿದವನು. ಚಪ್ಪಲಿ, ಬೆಲ್ಟು, ಪುಸ್ತಕದ ಬೆನ್ನು, ದೇವರ ಪಟದ ಗಾಜು ಎಲ್ಲದರ ಮೇಲೂ ಬೂಷ್ಟು ಕಂಡವನು. ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಒಣಗಿ ಹೊಗೆ ವಾಸನೆ ಹೊಡೆಯುವ ಅಂಗಿ ತೊಟ್ಟು ಶಾಲೆಗೆ ಹೋದವನು. ತೇವ ಬಂದರೆ ಕಿಟಕಿ ಮುಚ್ಚು, ಇದು ರಕ್ತದಲ್ಲಿತ್ತು. ಎರಡು ತಿಂಗಳು ಒಂದು ಕಿಟಕಿಯನ್ನೂ ತೆರೆಯದೆ ಒಳಗೇ ಅನ್ನ ಬೇಯಿಸಿ, ಒಳಗೇ ಬಟ್ಟೆ ಒಣಗಿಸಿದ್ದೆ. ಲೆಕ್ಕ ಅಲ್ಲಿ ತಿರುವುಮುರುವು. ನಮ್ಮ ಆಷಾಢದಲ್ಲಿ ಹೊರಗಿನ ಗಾಳಿಯೇ ನೀರು ಕುಡಿದು ಕೂತಿರುತ್ತದೆ, ತೆರೆದರೆ ಒಳಗೆ ಬರುವುದು ತೇವವೇ. ಅಲ್ಲಿ ಸೊನ್ನೆ ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ 5 ಗ್ರಾಂ ನೀರಾವಿ ಹಿಡಿದೀತು. ಅದೇ ಗಾಳಿ ಒಳಗೆ ಬಂದು 20 ಡಿಗ್ರಿಗೆ ಬೆಚ್ಚಗಾದರೆ 17 ಗ್ರಾಂ ಹಿಡಿಯಬಲ್ಲದು. ಅಂದರೆ ಹೊರಗಿನ ತಣ್ಣನೆಯ ಗಾಳಿ ಬಾಯಾರಿದ ಗಾಳಿ. ಕೋಣೆಯ ತೇವ ಹೀರಿಕೊಂಡು, ಮುಂದಿನ ಸಲ ಕಿಟಕಿ ತೆರೆದಾಗ ಹೊರಗೆ ಹೋಗುತ್ತದೆ. ಇದನ್ನು ಅಜ್ಜಿ ನನಗೆ ವಿವರಿಸಲಿಲ್ಲ, ಬೆರಳೆಣಿಸಿದರು ಅಷ್ಟೆ. ಗ್ರಾಮಿನ ಲೆಕ್ಕ ನಾನು ಆಮೇಲೆ ಮನಸ್ಸಿಗೆ ಸಮಾಧಾನವಾಗಲಿ ಅಂತ ಹುಡುಕಿ ಹಾಕಿದ್ದು.

ಹೋಗುವಾಗ ಬಾಗಿಲಲ್ಲಿ ನಿಂತು ಕೈ ಚಾಚಿದರು. ದುಡ್ಡು ಕೇಳುತ್ತಿದ್ದಾರೆ ಅಂದುಕೊಂಡೆ. ಕೇಳಿದ್ದು ಇನ್ನೊಂದು ಬೀಗದ ಕೈ.

ಕೇಳುವುದು

ನಮ್ಮ ಕಡೆ ಕೇಳುವ ಪ್ರಸಂಗವೇ ಬರುವುದಿಲ್ಲ. ಬಸ್ಸು ಇಳಿದರೆ 'ಯಾರ ಮನೆಗೆ?' ಅಂತ ಅವರೇ ಕೇಳುತ್ತಾರೆ, ಹೇಳಿದರೆ 'ಓ ಅವರ ಅಳಿಯನಾ' ಅಂತ ಅವರೇ ಚೀಲ ಹಿಡಿಯುತ್ತಾರೆ. ಬೇಡ ಅಂದದ್ದನ್ನು ಮೂರು ಸಲ ಬಡಿಸುತ್ತಾರೆ. ಈ ಸುಖದ ಬಾಲವಾಗಿ ದಾಕ್ಷಿಣ್ಯ ಬರುತ್ತದೆ: ಬಾಯಿಬಿಟ್ಟು ಕೇಳುವುದು ಸಣ್ಣತನ, ಎದುರಿನವರೇ ಅರ್ಥ ಮಾಡಿಕೊಳ್ಳಬೇಕು. ಅಲ್ಲಿಯವರದು ಇನ್ನೊಂದು ಬಗೆಯ ಸಂಕೋಚ, ಕರೆಯದೆ ಇನ್ನೊಬ್ಬರ ವಿಷಯದಲ್ಲಿ ಬಾಯಿ ಹಾಕಬಾರದು ಅನ್ನುವುದು. ಮೂರು ವಾರ ಬೋರ್ಡು ನೋಡಿ ಸುಮ್ಮನಿದ್ದವರನ್ನು ನಾನು ಕಲ್ಲೆದೆಯವರು ಅಂದುಕೊಂಡಿದ್ದೆ. ಒಬ್ಬರ ಬೆಲ್ ಒತ್ತಿ 'ಇದೇನು ಬೋರ್ಡು?' ಅಂತ ಕೇಳಿದ್ದರೆ ಅರ್ಧ ಗಂಟೆ ನಿಂತು ವಿವರಿಸುತ್ತಿದ್ದರು, ಪೊರಕೆಯನ್ನೂ ಕೊಡುತ್ತಿದ್ದರು. ಆಮೇಲಿನ ವರ್ಷಗಳಲ್ಲಿ ನೋಡಿದ್ದೇನೆ, ಕೇಳಿದವನಿಗೆ ಇಲ್ಲ ಅಂದವರು ಕಡಿಮೆ. ಆದರೆ ಕಾಫಿ ಬೇಕಾ ಅಂದಾಗ ದಾಕ್ಷಿಣ್ಯಕ್ಕೆ ಬೇಡ ಅಂದರೆ ಕಾಫಿ ಬರುವುದಿಲ್ಲ, ಅಷ್ಟು ಖಚಿತ.

ಪರದೇಶದಲ್ಲಿ ನಮ್ಮವರೇ ಇರುತ್ತಾರಲ್ಲ ಅನ್ನಬಹುದು. ಇದ್ದರು, ಗಣಪತಿ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಸೇರುತ್ತಿದ್ದೆವು. ಅವರಿರುವುದು ರೈಲಿನಲ್ಲಿ ನಲವತ್ತು ನಿಮಿಷ ಆಚೆ. ಬಾಗಿಲು ಠಪ್ ಅಂದಾಗ ಇರುವುದು ಹನ್ನೆರಡು ಮೆಟ್ಟಿಲು ಕೆಳಗಿನವರು. ಊರಲ್ಲಿ ಮೊಸರಿಗೆ ಹೆಪ್ಪು ಇಲ್ಲದಿದ್ದರೆ ಅಮ್ಮ ನನ್ನನ್ನು ಹಳ್ಳ ದಾಟಿಸಿ ಲೋಟ ಕೊಟ್ಟು ಕಳಿಸುತ್ತಿದ್ದಳು. ನಾಳೆ ಅವರ ಮನೆಯಿಂದ ಇಲ್ಲಿಗೆ ಲೋಟ ಬರುತ್ತಿತ್ತು. ಎರಡು ಮನೆಗಳ ನಡುವೆ ಆ ಲೋಟ ಓಡಾಡುತ್ತಿದ್ದರೇ ಹಾದಿಯಲ್ಲಿ ಹುಲ್ಲು ಬೆಳೆಯದೆ ಇರುವುದು. ಅಜ್ಜಿ ಮೂರು ತಿಂಗಳ ಮೇಲೆ ಮಗಳ ಮನೆಗೆ ಹೊರಟಾಗ ತಮ್ಮ ಬೀಗದ ಕೈ ನನ್ನ ಕೈಯಲ್ಲಿಟ್ಟು ಹೋದರು: ಗಿಡಕ್ಕೆ ನೀರು, ಟಪಾಲು ಡಬ್ಬಿ ಖಾಲಿ ಮಾಡುವುದು. ಆಮೇಲೆ ನಾನು ಅವರ ಮೆಟ್ಟಿಲ ಸರದಿಯನ್ನೂ ಮಾಡುತ್ತಿದ್ದೆ, ಅವರು ನನ್ನ ಕೆಲಸ ಸರಿಯಿಲ್ಲ ಅಂತ ಮತ್ತೊಮ್ಮೆ ಒರೆಸುತ್ತಿದ್ದರು.

ಇಲ್ಲಿಯ ಕಡೆಯ ಒಂದೆರಡು ವಿಷಯವನ್ನೂ ಹುಡುಗನಿಗೆ ಹೇಳಿದ್ದೆ, ಮರೆಯುವವರೇ ಹೆಚ್ಚು ಅಂತ ಇಲ್ಲೂ ಸೇರಿಸುತ್ತೇನೆ. ಹೊರಗೆ ನೆಲೆಸಿದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್ಆರ್‌ಒ ಖಾತೆಯಾಗಿ, ಅಂದರೆ ಅನಿವಾಸಿಗಳ ಇಲ್ಲಿನ ದುಡ್ಡಿನ ಖಾತೆಯಾಗಿ, ಬದಲಾಯಿಸಬೇಕು, ಹಾಗೆಯೇ ಬಿಡುವಂತಿಲ್ಲ. ಅನಿವಾಸಿಯಾಗಿರುವಾಗ ತೋಟ, ಗದ್ದೆ ಕೊಳ್ಳುವಂತಿಲ್ಲ. ಹಿರಿಯರಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ಅಲ್ಲಿ ದುಡಿದು ಇಲ್ಲಿ ಎರಡು ಎಕರೆ ಅಡಿಕೆ ತೋಟ ಮಾಡುತ್ತೇನೆ ಅಂತ ಹೊರಡುವವರು ಇದನ್ನು ಮೊದಲೇ ತಿಳಿದಿರಲಿ. ರಾತ್ರಿ, ರಜಾದಿನಗಳಲ್ಲಿ ಜೀವಕ್ಕೆ ಅಪಾಯವಿಲ್ಲದ ಕಾಯಿಲೆಗೆ ಡಾಕ್ಟರ್ ಬೇಕಾದರೆ ಜರ್ಮನಿಯಲ್ಲಿ 116117. ಜೀವಕ್ಕೆ ಅಪಾಯವಾದರೆ 112.

ಹುಡುಗ ಹೊರಡುವ ಹಿಂದಿನ ದಿನ ಫೋನ್ ಮಾಡಿ ಬಾಗಿಲ ವಿಷಯ ಹೇಳಿದೆ. ಪಂಚೆಯನ್ನೂ ಬಿಡದೆ. ನಕ್ಕ. "ನಾನು ಪಂಚೆ ತಗೊಂಡೇ ಹೋಗ್ತಿಲ್ಲ ಮಾವ" ಅಂದ. ಅವನಮ್ಮ ಹಿಂದಿನಿಂದ ತೆಂಗಿನಕಾಯಿ ಮೂರೋ ನಾಲ್ಕೋ ಅಂತ ಕೇಳುತ್ತಿದ್ದಳು.

ನಿನ್ನೆ ಸಂಜೆ ಅವನಿಂದ ಒಂದು ಫೋಟೋ ಬಂತು. ಬಾಗಿಲು, ಅದಕ್ಕೆ ತೂಗುವ ಮರದ ಬೋರ್ಡು. ಕೆಳಗೆ: "ಮಾವ ನಮ್ಮ ಬಾಗ್ಲಿಗೆ ಬಂತು. ಗುಡಿಸಿ ಆಯ್ತು. ನಾಳೆ ಎದುರು ಮನೆಯವ್ರ ಬಾಗ್ಲಿಗೆ ಸುಮ್ನೆ ಸಿಕ್ಕಿಸಿ ಬರ್ಲಾ?"

ಸಿಕ್ಕಿಸಬೇಡ ಮಾರಾಯ, ಬೆಲ್ ಮಾಡಿ ಕೈಗೆ ಕೊಡು ಅಂತ ಬರೆದೆ. ಎರಡು ನೀಲಿ ಗೆರೆ ಬಂದಿವೆ, ಉತ್ತರ ಇನ್ನೂ ಬಂದಿಲ್ಲ.